‘ಅವರ ಜನದಲ್ಲಿ ಅದು ಅಷ್ಟು ದೊಡ್ಡದಲ್ಲವಂತೆ’

ಪ್ರಶ್ನೆ: ಮೇಡಂ, ನಮ್ಮದು ವಿರಾಜಪೇಟೆ ಕಡೆ ಒಂದು ಚಿಕ್ಕ ಕಾಫಿ ತೋಟ. ಕೂಲಿಯವರ ಲೈನ್ ಮನೆಗಳಲ್ಲಿ ಎರಡು ಯರವ ಆದಿವಾಸಿ ಕುಟುಂಬ, ಅಸ್ಸಾಂನಿಂದ ಬಂದ ಮೂರು ಕುಟುಂಬ ಇವೆ. ಒಂಬತ್ತು ದಿನದ ಹಿಂದೆ ಯರವರ ಹುಡುಗಿಯೊಬ್ಬಳ ಮೇಲೆ (ಇಪ್ಪತ್ತು ವರ್ಷ ಇರಬಹುದು) ಗೋಡೌನಿನಲ್ಲಿ ಬಲಾತ್ಕಾರ ಆಗಿದೆ. ಸುದ್ದಿ ಹೊರಬಿದ್ದಾಗ ಎಲ್ಲರೂ ಅಸ್ಸಾಂ ಹುಡುಗರ ಕಡೆ ಬೆರಳು ತೋರಿಸಿದರು. ಆದರೆ ಹುಡುಗಿ ನನ್ನ ಹತ್ತಿರ ಹೇಳಿದ್ದು ತೋಟದ ಹಾಜರಿ, ಲೆಕ್ಕ ನೋಡುವ ನಮ್ಮ ರೈಟರ್ ಹೆಸರು. ಅವನು ಹನ್ನೊಂದು ವರ್ಷದಿಂದ ನಮ್ಮಲ್ಲೇ ಇದ್ದಾನೆ. ‘ಅವರ ಜನದಲ್ಲಿ ಇದೆಲ್ಲ ಅಷ್ಟು ದೊಡ್ಡದಲ್ಲ, ಅವರ ಹಿರಿಯರನ್ನು ಕರೆಸಿ ಐವತ್ತು ಸಾವಿರ ಕೊಡಿಸಿ ಮುಗಿಸೋಣ’ ಅನ್ನುತ್ತಾರೆ ಭಾವ. ಅತ್ತೆಯವರದ್ದು ಒಂದೇ ಮಾತು: ‘ಮುಳ್ಳಿನ ಮೇಲೆ ಬಟ್ಟೆ ಬಿದ್ದರೂ ಬಟ್ಟೆ ಮೇಲೆ ಮುಳ್ಳು ಬಿದ್ದರೂ ಹರಿಯೋದು ಬಟ್ಟೆಯೇ.’ ಪಕ್ಕದ ಕಣದಲ್ಲೇ ಜನ ಇದ್ದರೂ ಅವಳು ಕೂಗಿಕೊಳ್ಳಲಿಲ್ಲ ಎಂಬ ಮಾತೂ ಇದೆ. ಈಗ ಕೆಲಸಕ್ಕೆ ಬರುತ್ತಿದ್ದಾಳೆ, ಒಮ್ಮೊಮ್ಮೆ ನಗುವುದೂ ಉಂಟು. ಸ್ವೀಡನ್‌ನಲ್ಲಿ ಓದುತ್ತಿರುವ ಮಗಳು ಫೋನಿನಲ್ಲಿ ‘ಪೊಲೀಸಿಗೆ ಹೋಗಮ್ಮ’ ಎಂದು ರೇಗುತ್ತಾಳೆ. ‘ಆ ದೇಶದಲ್ಲೇ ಇಂಥ ಕೇಸು ಜಾಸ್ತಿಯಂತೆ, ಮೊದಲು ಅಲ್ಲಿ ಸರಿಮಾಡಲಿ’ ಎಂದು ಭಾವ ನಗುತ್ತಾರೆ. ನಿಜಕ್ಕೂ ಒಂದೊಂದು ಜನ ಇದನ್ನು ಒಂದೊಂದು ಥರ ನೋಡುತ್ತಾರಾ? ಅವರ ಪದ್ಧತಿಗೆ ನಾನು ಅಡ್ಡ ಬರುವುದು ತಪ್ಪಾ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಗುರುತು ಸಿಗಬಹುದಾದ ಎಲ್ಲವನ್ನೂ ಬದಲಿಸಿದ್ದೇವೆ. ಹುಡುಗಿಯ ಗುರುತು ಹೊರಗೆ ಬಿಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅಪರಾಧ. ಇದು ನಿಮ್ಮ ಊರಿನ ವಾಟ್ಸ್ಯಾಪ್ ಗುಂಪಿಗೂ ಅನ್ವಯಿಸುತ್ತದೆ ಎಂದು ಭಾವನವರಿಗೆ ಹೇಳಿಬಿಡಿ.

ನೀವು ಕೇಳಿದ ಎರಡು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಉತ್ತರ ಹೌದು. ಬೇರೆ ಬೇರೆ ಜನ ಇದನ್ನು ಬೇರೆ ಬೇರೆಯಾಗಿಯೇ ನೋಡಿದ್ದಾರೆ. ಆದರೆ ಆ ವ್ಯತ್ಯಾಸ ಭಾವನವರು ಹೇಳುವ ಕಡೆ ಇಲ್ಲ. ವೈದ್ಯೆಯಾಗಿ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡು, ಪೊಲೀಸ್ ಪ್ರಕರಣಗಳನ್ನು ಪರೀಕ್ಷಿಸುವ ಎಂಎಲ್‌ಸಿ ಕೊಠಡಿಗಳಲ್ಲಿ ಮೂವತ್ತು ವರ್ಷ ಕಳೆದಿದ್ದೇನೆ. ಐನ್‌ಮನೆಯ (ಕೊಡವರ ಮೂಲಮನೆ) ಸೊಸೆ, ಲೈನ್ ಮನೆಯ ಹುಡುಗಿ, ಬ್ಯಾಂಕ್ ಉದ್ಯೋಗಿ, ಮಲಯಾಳ ಮಾತ್ರ ಬರುವ ಅಜ್ಜಿ, ಎಲ್ಲರೂ ನನ್ನ ಮುಂದೆ ಕೂತಿದ್ದಾರೆ. ನೋವು ಕಡಿಮೆ ಇರುವ ಜನಾಂಗ ಒಂದನ್ನೂ ನೋಡಿಲ್ಲ. ಬದಲಾಗುವುದು, ತಪ್ಪು ಯಾರಿಗೆ ಆಯಿತು ಎಂಬ ಲೆಕ್ಕ. ತಂದೆಗೋ, ಗಂಡನಿಗೋ, ಮನೆತನಕ್ಕೋ, ಅವಳಿಗೋ?

ನಮ್ಮ ಮಾತಿನಲ್ಲೇ ಇದು ಕಾಣುತ್ತದೆ. ‘ಮಾನಭಂಗ’, ‘ಶೀಲ ಹೋಯಿತು’, ‘ಹುಡುಗಿಯನ್ನು ಕೆಡಿಸಿದ’ ಅನ್ನುತ್ತೇವೆ. ಹಾಲು ಕೆಡುತ್ತದೆ, ಹೆಸರು ಕೆಡುತ್ತದೆ. ಆ ಕ್ರಿಯಾಪದವನ್ನು ಮನುಷ್ಯಳಿಗೆ ಹಚ್ಚಿದ ಕೂಡಲೇ ನಷ್ಟ ಅವಳ ದೇಹದಲ್ಲಿ ಉಳಿಯುತ್ತದೆ, ಮಾಡಿದವನು ವಾಕ್ಯದಿಂದ ಆಚೆ ನಡೆದುಬಿಡುತ್ತಾನೆ. ಅತ್ತೆಯವರ ಗಾದೆಯೂ ಅಂಥದ್ದೇ. ಮುಳ್ಳನ್ನು ಯಾರೂ ಏನೂ ಕೇಳುವುದಿಲ್ಲ. ಒಮ್ಮೆ ಹುಡುಗಿಯೊಬ್ಬಳು ತನ್ನ ಭಾಷೆಯಲ್ಲಿ ‘ಹಿಡಿದ, ಬಿಡಲಿಲ್ಲ’ ಎಂದಷ್ಟೇ ಹೇಳಿದಳು. ಹೇಳಿಕೆಯ ಕಾಗದದಲ್ಲಿ ಅದು ‘ಮಾನಭಂಗ ಮಾಡಿದ್ದು ಇರುತ್ತದೆ’ ಎಂದಾಗಿತ್ತು. ಅವಳು ತನ್ನ ಮಾನದ ಸುದ್ದಿಯನ್ನೇ ಎತ್ತಿರಲಿಲ್ಲ.

ಹಿಂದಿನ ಕಾಲದ ಕಾನೂನುಗಳೂ ಹೀಗೇ ದರ ಕಟ್ಟುತ್ತಿದ್ದವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರೂಪ ಮಾರಿ ಬದುಕುವವಳ ಮೇಲೆ ಬಲಾತ್ಕಾರ ಮಾಡಿದವನಿಗೆ 12 ಪಣ ದಂಡ. ಅಂಥವಳ ಮೇಲೂ ಬಲಾತ್ಕಾರ ಆಗಬಹುದೆಂದು ಆ ಕಾಲಕ್ಕೇ ಒಪ್ಪಿದ್ದು ದೊಡ್ಡದೇ. ಆದರೆ ಹೆಣ್ಣು ಯಾರ ಮನೆಯವಳು ಎಂಬುದರ ಮೇಲೆ ದಂಡ ಏರುತ್ತ ಇಳಿಯುತ್ತ ಹೋಗುತ್ತದೆ. ಈಗ ನಿಮ್ಮ ಮನೆಯಲ್ಲಿ ಎದ್ದಿರುವ ಐವತ್ತು ಸಾವಿರದ ಮಾತನ್ನು ನೋಡಿ. ಹುಡುಗಿ ನಿಮ್ಮ ನೆಂಟರ ಪೈಕಿಯವಳಾಗಿದ್ದರೆ ‘ಅವನಿಗೇ ಕಟ್ಟಿಬಿಡಿ’ ಎಂಬ ಮಾತು ಬರುತ್ತಿತ್ತೋ ಏನೋ. ಲೈನ್ ಮನೆಯವಳಾದ್ದರಿಂದ ನೋಟಿನ ಮಾತು ಬಂದಿದೆ. ಇದನ್ನು ಯರವರ ಪದ್ಧತಿ ಅನ್ನುವುದು ಹೇಗೆ? ದರ ಹೇಳಿದ್ದು ಬಂಗಲೆಯ ಜಗುಲಿಯಿಂದ.

‘ಅವನಿಗೇ ಕಟ್ಟಿಬಿಡಿ’ ಎಂಬುದು ನಮ್ಮ ದೇಶದ ಆಸ್ತಿ ಮಾತ್ರ ಅಲ್ಲ. ಇಟಲಿಯಲ್ಲಿ 1981ರ ತನಕ, ಅತ್ಯಾಚಾರ ಮಾಡಿದವನು ಅವಳನ್ನೇ ಮದುವೆಯಾದರೆ ಶಿಕ್ಷೆ ಇರುತ್ತಿರಲಿಲ್ಲ. ಸಿಸಿಲಿಯ ಅಲ್ಕಾಮೊ ಎಂಬ ಊರಿನ ಫ್ರಾಂಕಾ ವಿಯೋಲಾ ಎಂಬ ಹುಡುಗಿಯನ್ನು 1965ರ ಕೊನೆಯಲ್ಲಿ ಹೊತ್ತೊಯ್ದರು. ಆಮೇಲೆ ಆ ಮದುವೆಗೆ ಅವಳು ಒಲ್ಲೆ ಅಂದಳು, ತಂದೆ ಮಗಳ ಜೊತೆ ನಿಂತ, ಅಪರಾಧಿ ಜೈಲಿಗೆ ಹೋದ. ಕಾನೂನು ಬದಲಾಗಲು ಮತ್ತೆ ಹದಿನೈದು ವರ್ಷ ಬೇಕಾಯಿತು. ಲೈಂಗಿಕ ಹಿಂಸೆಯನ್ನು ‘ನೈತಿಕತೆಯ ವಿರುದ್ಧದ ಅಪರಾಧ’ದ ಪಟ್ಟಿಯಿಂದ ತೆಗೆದು ‘ವ್ಯಕ್ತಿಯ ವಿರುದ್ಧದ ಅಪರಾಧ’ ಎಂದು ಬರೆಯಲು ಇಟಲಿ 1996ರ ತನಕ ಕಾಯಿತು. ಮೊರಾಕೊ ಇಂಥದೇ ಕಲಮನ್ನು 2014ರಲ್ಲಿ ಕಿತ್ತುಹಾಕಿತು. ಜೋರ್ಡಾನ್, ಲೆಬನಾನ್ 2017ರಲ್ಲಿ. ಕ್ರೈಸ್ತರ ಊರು, ಮುಸ್ಲಿಮರ ಊರು, ನಮ್ಮ ಊರು, ಎಲ್ಲ ಕಡೆಯೂ ಹಿರಿಯರು ಅದನ್ನು ‘ನಮ್ಮ ಸಂಪ್ರದಾಯ’ ಅಂದರು. ಎಲ್ಲ ಕಡೆಯೂ ಅದೇ ಸಂಪ್ರದಾಯದೊಳಗೆ ಹುಟ್ಟಿದ ಯಾವಳೋ ಒಬ್ಬಳು ಒಲ್ಲೆ ಅಂದಳು. ಹಾಗಿರುವಾಗ ಸಂಸ್ಕೃತಿಯ ಪರವಾಗಿ ಮಾತಾಡುವವರು ಯಾರು ಎಂದು ನೋಡದೆ ಆ ಮಾತನ್ನು ನಾನು ತೂಗುವುದಿಲ್ಲ.

ಇನ್ನು, ಆದಿವಾಸಿಗಳಲ್ಲಿ ಇದು ದೊಡ್ಡದಲ್ಲ ಎಂಬ ಮಾತು. ಇದನ್ನು ಹೇಳಿದ ಯರವ ಹೆಂಗಸು ಒಬ್ಬಳೂ ನನಗೆ ಸಿಕ್ಕಿಲ್ಲ. ಹೇಳಿದ ಯಜಮಾನರು ಬೇಕಾದಷ್ಟು ಸಿಕ್ಕಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಪೆಗ್ಗಿ ರೀವ್ಸ್ ಸ್ಯಾಂಡೆ 1981ರಲ್ಲಿ 95 ಬುಡಕಟ್ಟು ಸಮಾಜಗಳ ದಾಖಲೆ ಹೋಲಿಸಿ ನೋಡಿದರು. ಹೆಚ್ಚುಕಡಿಮೆ ಅರ್ಧದಷ್ಟು ಸಮಾಜಗಳಲ್ಲಿ ಅತ್ಯಾಚಾರ ಇಲ್ಲವೇ ಇಲ್ಲ ಅಥವಾ ತೀರಾ ಅಪರೂಪ ಎಂದು ಅವರಿಗೆ ಕಂಡಿತು. ಹೆಂಗಸರ ದುಡಿಮೆಗೂ ಮಾತಿಗೂ ಬೆಲೆ ಇದ್ದ ಸಮಾಜಗಳು ಅವು. ದಾಖಲೆ ಬರೆದವರ ಕಿವಿಗೆ ಬೀಳಲಿಲ್ಲ ಎಂದ ಮಾತ್ರಕ್ಕೆ ನಡೆದಿಲ್ಲ ಎನ್ನಲಾಗದು ಎಂದು ಬೇರೆ ವಿದ್ವಾಂಸರು ತಕರಾರು ತೆಗೆದರು. ಆ ತಕರಾರು ನನಗೂ ಸರಿ ಅನಿಸುತ್ತದೆ. ಹಾಗಿದ್ದರೂ ‘ಕಾಡಿನವರು ಇದನ್ನೆಲ್ಲ ಹಗುರ ಮಾಡುತ್ತಾರೆ’ ಎಂಬ ಮಾತಿಗೆ ಅಲ್ಲಿ ಆಧಾರ ಸಿಗುವುದಿಲ್ಲ. ದೇವರಪುರದಲ್ಲಿ ಆದಿವಾಸಿಗಳು ಆಚರಿಸುವ ಕುಂಡೆ ಹಬ್ಬದಲ್ಲಿ ಬಯ್ಯುವ ಬೈಗುಳ ಕೇಳಿ ಕೆಲವರು ಅವರು ‘ಫ್ರೀ’ ಅಂದುಕೊಳ್ಳುತ್ತಾರೆ. ಅಲ್ಲಿ ದೇವರಿಗೂ ಬಯ್ಯುತ್ತಾರೆ. ಹಬ್ಬದ ದಿನ ಬಾಯಿಗೆ ಸಿಗುವ ಸದರ ವರ್ಷವಿಡೀ ಯಾರದೋ ಕೈಗೆ ಸಿಗುವ ಪರವಾನಗಿ ಆಗುವುದಿಲ್ಲ.

ಆ ಹುಡುಗಿಯ ಮನೆಯವರೇ ಸುಮ್ಮನಿದ್ದಾರೆ ಎಂದು ನೀವು ಹೇಳಬಹುದು. ಇರಬಹುದು. ಅವರು ಮಲಗುವ ಲೈನ್ ಮನೆ ನಿಮ್ಮದು. ಮುಂಗಡ ತೆಗೆದುಕೊಂಡಿದ್ದರೆ ಆ ಲೆಕ್ಕದ ಪುಸ್ತಕ ರೈಟರ್ ಕೈಯಲ್ಲಿ. ಹಾಜರಿ ಹಾಕುವವನೂ ಅವನೇ. ಅವರ ಹಿರಿಯರು ಗದ್ದೆಯ ಜೊತೆಗೇ ಕೈಯಿಂದ ಕೈಗೆ ಹೋದ ಕಾಲ ಈ ಜಿಲ್ಲೆಯಲ್ಲಿ ಇತ್ತು. ಜೀತವನ್ನು ಕಾನೂನು ನಿಷೇಧಿಸಿದ್ದು 1976ರಲ್ಲಿ. ಇಷ್ಟೆಲ್ಲ ಇರುವಾಗ ಬಾಯಿ ಮುಚ್ಚಿಕೊಂಡದ್ದನ್ನು ‘ಅವರ ಸಂಸ್ಕೃತಿ’ ಎಂದು ಕರೆದರೆ ನಮಗೆ ಅನುಕೂಲ, ಅಷ್ಟೆ.

ನಮ್ಮ ಕೊಡಗು ಜಿಲ್ಲೆಯ ಬಗ್ಗೆ ನಮಗಿರುವ ಹೆಮ್ಮೆಯಲ್ಲಿ ಹುರುಳಿದೆ. 2011ರ ಜನಗಣತಿಯಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1,019 ಹೆಂಗಸರು. ಕೊಡವರಲ್ಲಿ ವರದಕ್ಷಿಣೆಯ ಪದ್ಧತಿ ಇಲ್ಲ, ವಿಧವೆಯ ಮರುಮದುವೆಗೆ ಹಿಂದಿನಿಂದಲೂ ಜಾಗ ಇದೆ. ಆದರೆ ಇವು ಹೇಳುವುದು ಹುಟ್ಟು, ಮದುವೆಗಳ ಕಥೆ. ಗೋಡೌನಿನ ಬಾಗಿಲ ಹಿಂದೆ ಏನಾಗುತ್ತದೆ ಎಂದು ಹೇಳುವುದಿಲ್ಲ. ‘ಇಲ್ಲಿಯವರು ಹೀಗೆ ಮಾಡಲ್ಲ’ ಎಂಬ ನಂಬಿಕೆಯಿಂದಲೇ ಮೊದಲ ದಿನ ಅಸ್ಸಾಂ ಹುಡುಗರ ಮೇಲೆ ಮಾತು ಬಂದದ್ದು. ದೇಶದಲ್ಲಿ ದಾಖಲಾಗುವ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಯದವನೇ ಎಂದು ವರ್ಷ ವರ್ಷವೂ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗ ಹೇಳುತ್ತಿದೆ. ಆ ಹುಡುಗರಿಗೆ ಯಾರಾದರೂ ಒಂದು ಮಾತು ಹೇಳಿದಿರಾ? ಹೇಳಬೇಕಿತ್ತು.

ಸ್ವೀಡನ್ ವಿಷಯ. ಭಾವನವರು ಹೇಳಿದ ಅಂಕಿ ಸುಳ್ಳಲ್ಲ, ಓದಿದ ರೀತಿ ತಪ್ಪು. ಅಲ್ಲಿನ ಪೊಲೀಸರು ಒಂದೊಂದು ಸಲ ನಡೆದದ್ದನ್ನೂ ಒಂದೊಂದು ಅಪರಾಧವಾಗಿ ಎಣಿಸುತ್ತಾರೆ. ಗಂಡ ವರ್ಷವಿಡೀ ಹೀಗೆ ಮಾಡಿದ ಎಂದು ಹೆಂಡತಿ ದೂರು ಕೊಟ್ಟರೆ ನೂರಾರು ಅಪರಾಧಗಳನ್ನು ಬರೆದುಕೊಳ್ಳಬಹುದು. ನಮ್ಮಲ್ಲಿ ಹದಿನೆಂಟು ದಾಟಿದ ಹೆಂಡತಿಯ ವಿಷಯದಲ್ಲಿ ಅದು ಇಂದಿಗೂ ಅತ್ಯಾಚಾರವೇ ಅಲ್ಲ, ಹಾಗಾಗಿ ಲೆಕ್ಕ ಸೊನ್ನೆ. ಸ್ವೀಡನ್ 2005ರಲ್ಲಿ ಅಪರಾಧದ ವ್ಯಾಖ್ಯೆ ಹಿಗ್ಗಿಸಿತು. 2018ರ ಜುಲೈಯಿಂದ ಬೆದರಿಕೆ ಹೊಡೆತ ಇಲ್ಲದಿದ್ದರೂ ಸ್ವಂತ ಇಚ್ಛೆಯಿಂದ ಭಾಗಿಯಾಗದಿದ್ದರೆ ಅದು ಅಪರಾಧ. ಬಲೆ ಸಣ್ಣ ಕಣ್ಣಿನದಾದರೆ ಮೀನು ಹೆಚ್ಚು ಸಿಗುತ್ತದೆ. ಅದಕ್ಕಾಗಿ ಹೊಳೆಯಲ್ಲಿ ಮೀನು ಹೆಚ್ಚಾಯಿತು ಅನ್ನುತ್ತೀರಾ? ನಮ್ಮ ರಾಜ್ಯದಲ್ಲೇ ನೋಡಿ. ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 20, ಮುಂದಿನ ಸಮೀಕ್ಷೆಯಲ್ಲಿ 44. ನಾಲ್ಕೈದು ವರ್ಷದಲ್ಲಿ ಕರ್ನಾಟಕದ ಗಂಡಸರು ಎರಡರಷ್ಟು ಕೆಟ್ಟರು ಎಂದು ನಾನು ನಂಬಲಾರೆ. ಅದೇ 2019–21ರ ಸಮೀಕ್ಷೆಯಲ್ಲಿ, ಹಿಂಸೆ ಅನುಭವಿಸಿದ ಭಾರತದ ಹೆಂಗಸರಲ್ಲಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ.

ಹಾಗೆಂದು ಹೊರದೇಶದವರು ದೇವರಲ್ಲ. ಹೆಂಡತಿಯ ಮೇಲೂ ಅತ್ಯಾಚಾರ ಆಗಬಹುದು ಎಂದು ಇಂಗ್ಲೆಂಡಿನ ಉನ್ನತ ನ್ಯಾಯಪೀಠ ಒಪ್ಪಿದ್ದು 1991ರಲ್ಲಿ. ಮಗಳಿಗೆ ಇದನ್ನೂ ಹೇಳಿ, ಕೋಪ ಸ್ವಲ್ಪ ಇಳಿದೀತು.

ಕೂಗಲಿಲ್ಲ ಎಂಬ ಮಾತಿನ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ಒಂದು ಮಾತು ಹಾಳುಮಾಡಿದಷ್ಟು ಕೇಸುಗಳನ್ನು ಬೇರಾವುದೂ ಹಾಳುಮಾಡಿಲ್ಲ. ಹುಲಿ ಎದುರಾದ ದನ ಓಡದೆ ನಿಂತುಬಿಡುವುದನ್ನು ಕಾಡಂಚಿನವರು ಕಂಡಿದ್ದೀರಿ. ಮನುಷ್ಯರ ಮೈಯೂ ಹಾಗೆ ಮಾಡುತ್ತದೆ. ವಿಪರೀತ ಭಯದಲ್ಲಿ ಕೈಕಾಲು ಸೆಟೆದು, ಗಂಟಲು ಕಟ್ಟಿ, ಎಚ್ಚರ ಇದ್ದೂ ಅಲುಗಾಡಲು ಆಗುವುದಿಲ್ಲ. ಸ್ಟಾಕ್‌ಹೋಮ್‌ನ ತುರ್ತು ಚಿಕಿತ್ಸಾ ಕೇಂದ್ರಕ್ಕೆ ಬಂದ 298 ಹೆಂಗಸರನ್ನು ಕೇಳಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 70 ಮಂದಿಗೆ ಹೀಗೆ ಮೈ ಮರಗಟ್ಟಿತ್ತು. ಅದು ಸಮ್ಮತಿಯೂ ಅಲ್ಲ, ಹೇಡಿತನವೂ ಅಲ್ಲ. ಮಿದುಳು ಯಾರನ್ನೂ ಕೇಳದೆ ಎಳೆಯುವ ಬ್ರೇಕು.

ನಮ್ಮ ನ್ಯಾಯಾಲಯಗಳೂ ಇಲ್ಲಿ ಎಡವಿ ಕಲಿತಿವೆ. 1972ರಲ್ಲಿ ಮಹಾರಾಷ್ಟ್ರದ ಮಥುರಾ ಎಂಬ ಆದಿವಾಸಿ ಹುಡುಗಿಯ ಮೇಲೆ ಠಾಣೆಯೊಳಗೇ ಪೊಲೀಸರು ದೌರ್ಜನ್ಯ ನಡೆಸಿದ ಆರೋಪ ಬಂತು. ಮೈಮೇಲೆ ಗಾಯ ಇಲ್ಲ, ಪ್ರತಿರೋಧದ ಗುರುತಿಲ್ಲ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಅವರನ್ನು ಬಿಟ್ಟಿತು. ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು, ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾನೂನು ಬದಲಾಯಿತು. ಮೈಯಿಂದ ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಎನ್ನುವಂತಿಲ್ಲ ಎಂದು 2013ರಿಂದ ಕಾನೂನೇ ಹೇಳುತ್ತದೆ.

ನಾನೂ ಕಲಿತದ್ದು ತಡವಾಗಿಯೇ. ಸೇವೆಗೆ ಸೇರಿದ ಹೊಸತರಲ್ಲಿ, ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಮಾಡಿ, ಅಚ್ಚಾದ ನಮೂನೆಯಲ್ಲಿ ‘ಸಂಭೋಗಕ್ಕೆ ಒಗ್ಗಿದವಳು’ ಎಂಬರ್ಥದ ಸಾಲು ತುಂಬಿದ್ದೇನೆ. ಆ ಪರೀಕ್ಷೆಯಿಂದ ವೈದ್ಯಕೀಯವಾಗಿ ಏನೂ ತಿಳಿಯುವುದಿಲ್ಲ. 2014ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಅದನ್ನು ಕೈಬಿಟ್ಟಿತು. ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದೇ ನೋಡಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾನು ಬರೆದ ಆ ಸಾಲುಗಳು ಯಾವ ಯಾವ ಕೋರ್ಟಿನಲ್ಲಿ ಯಾರ ಮೇಲೆ ಬಿದ್ದವೋ. ಸಂಸ್ಕೃತಿ ಅಂದರೆ ಲೈನ್ ಮನೆಯವರಿಗೆ ಮಾತ್ರ ಇರುವುದಲ್ಲ ಎಂದು ನನಗೆ ಹೊಳೆದದ್ದು ಆಗ. ಆಸ್ಪತ್ರೆಗೂ ಒಂದು ಇರುತ್ತದೆ.

ನಗುತ್ತಿದ್ದಾಳೆ, ಕೆಲಸಕ್ಕೆ ಬರುತ್ತಿದ್ದಾಳೆ ಎಂಬುದನ್ನು ವಾಸಿಯಾದ ಲಕ್ಷಣವಾಗಿ ತೆಗೆದುಕೊಳ್ಳಬೇಡಿ. ದಿನಗೂಲಿಯವಳು ಬಾರದೆ ಏನು ಮಾಡಿಯಾಳು?

ಈಗ ಮಾಡುವ ಕೆಲಸ. ‘ಇಪ್ಪತ್ತು ಇರಬಹುದು’ ಎಂದು ಬರೆದಿದ್ದೀರಿ. ಆ ‘ಇರಬಹುದು’ ನನ್ನ ನಿದ್ದೆ ಕೆಡಿಸುತ್ತದೆ. ಶಾಲೆಯ ದಾಖಲೆ ಅಥವಾ ಜನನ ಪತ್ರ ಇಂದೇ ನೋಡಿ. ಹದಿನೆಂಟು ತುಂಬಿಲ್ಲದಿದ್ದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಪೋಕ್ಸೊ ಕಾಯ್ದೆ ಬರುತ್ತದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ನಿಮ್ಮದೇ ಅಪರಾಧ, ಯಾರನ್ನೂ ಕೇಳುತ್ತ ಕೂರುವ ಹಾಗಿಲ್ಲ.

ಹದಿನೆಂಟು ದಾಟಿದ್ದರೆ ತೀರ್ಮಾನ ಅವಳದು. ನಿಮ್ಮದಲ್ಲ, ನಿಮ್ಮ ಮಗಳದೂ ಅಲ್ಲ. ಅವಳನ್ನು ಒಬ್ಬಳನ್ನೇ ಕೂರಿಸಿ ಕೇಳಿ. ಹಿರಿಯರನ್ನು ಎದುರು ಕೂರಿಸಿ ಕೇಳಿದರೆ ಹಿರಿಯರ ಉತ್ತರವೇ ಬರುತ್ತದೆ. ಅದಕ್ಕೂ ಮುಂಚೆ ಒಂದು ಮಾತು ಕೊಡಬೇಕು: ನೀನು ಏನೇ ಹೇಳಿದರೂ ಮನೆ, ಕೆಲಸ ಹೋಗುವುದಿಲ್ಲ, ಮುಂಗಡದ ಮಾತು ಎತ್ತುವುದಿಲ್ಲ. ಈ ಮಾತು ಕೊಡಲು ಆಗದಿದ್ದರೆ ಅವಳನ್ನು ಕೇಳುವುದರಲ್ಲಿ ಅರ್ಥವಿಲ್ಲ.

ಆಸ್ಪತ್ರೆಗೆ ಅಂತೂ ಕರೆದುಕೊಂಡು ಬನ್ನಿ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕಿತ್ತು, ಗರ್ಭ ತಡೆಯುವ ತುರ್ತು ಮಾತ್ರೆಯ ಹೊತ್ತೂ ಮೀರಿದೆ, ಸಾಕ್ಷ್ಯಕ್ಕಾಗಿ ಮೈಯಿಂದ ಸ್ವ್ಯಾಬ್ (ಹತ್ತಿಯ ಮಾದರಿ) ತೆಗೆಯುವ ಅವಧಿಯೂ ಕಳೆದಿದೆ. ಒಂಬತ್ತು ದಿನ ‘ಮುಗಿಸೋಣ’ ಎಂದು ಕೂತದ್ದರ ಬೆಲೆ ಇದು. ಆದರೂ ಸೋಂಕಿಗೆ ಚಿಕಿತ್ಸೆ ಇದೆ, ಗರ್ಭದ ಪರೀಕ್ಷೆ ಆಗಬೇಕು. ನಿಂತಿದ್ದರೆ, ಅವಳು ಬೇಡ ಅಂದರೆ, 24 ವಾರದ ತನಕ ತೆಗೆಸಲು ಕಾನೂನಿದೆ. ಅಂದು ತೊಟ್ಟಿದ್ದ ಬಟ್ಟೆ ಒಗೆಯದೆ ಉಳಿದಿದ್ದರೆ ಪ್ಲಾಸ್ಟಿಕ್ ಬೇಡ, ಕಾಗದದಲ್ಲಿ ಸುತ್ತಿ ತನ್ನಿ. ಎಫ್‌ಐಆರ್ ಇಲ್ಲದಿದ್ದರೂ ಯಾವ ಆಸ್ಪತ್ರೆಯೂ ಉಚಿತ ಚಿಕಿತ್ಸೆ ನಿರಾಕರಿಸುವಂತಿಲ್ಲ. ಪೊಲೀಸರು ಬೇಡ ಎಂದು ಅವಳು ಹೇಳಿದರೆ ಅದನ್ನೂ ಬರೆದುಕೊಂಡು ಚಿಕಿತ್ಸೆ ಕೊಡುತ್ತೇವೆ.

ದೂರು ಕೊಡುವುದಾದರೆ ಯಾವ ಠಾಣೆಯಲ್ಲಾದರೂ ಕೊಡಬಹುದು. ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಕನ್ನಡ ಸಲೀಸಾಗಿ ಬಾರದಿದ್ದರೆ ಅವಳ ಭಾಷೆ ಬಲ್ಲ ಹೆಂಗಸು ಪಕ್ಕದಲ್ಲಿರಲಿ, ನಿಮ್ಮ ಮನೆಯವರು ಬೇಡ. ಯರವರು ಪರಿಶಿಷ್ಟ ಪಂಗಡದವರು. ರೈಟರ್ ಆ ವರ್ಗಗಳಿಗೆ ಸೇರದವನಾದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರುತ್ತದೆ. ಆಗ ತನಿಖೆ ಡಿವೈಎಸ್‌ಪಿ ಮಟ್ಟದ ಅಧಿಕಾರಿಯದು, ಪರಿಹಾರ ಕಂತು ಕಂತಾಗಿ ಸರ್ಕಾರದಿಂದ ಬರುತ್ತದೆ. ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಸಂತ್ರಸ್ತರ ಪರಿಹಾರಕ್ಕೆ ಅಲ್ಲೇ ಅರ್ಜಿ ಹಾಕಬಹುದು. ಶಿಕ್ಷೆಯಾಗುವ ತನಕ ಕಾಯಬೇಕಿಲ್ಲ. ತಡವಾದ ದೂರು ಎಂದ ಮಾತ್ರಕ್ಕೆ ಸುಳ್ಳು ಎನ್ನಲಾಗದು, ನಂಬಲರ್ಹವಾಗಿದ್ದರೆ ಅವಳ ಸಾಕ್ಷ್ಯ ಒಂದೇ ಸಾಕು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ಅಪಾಯಗಳನ್ನು ಮುಚ್ಚಿಡುವುದಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆಯಬಹುದು. ದೇಶದಲ್ಲಿ ತೀರ್ಪು ಬಂದ ಇಂಥ ಪ್ರಕರಣಗಳಲ್ಲಿ ಶಿಕ್ಷೆಯಾಗುವುದು ನೂರಕ್ಕೆ ಮೂವತ್ತಕ್ಕಿಂತ ಕಡಿಮೆ. ಕಣದಲ್ಲಿದ್ದ ಸಾಕ್ಷಿಗಳು ಆಮೇಲೆ ‘ನೋಡಿಲ್ಲ’ ಅಂದಾರು. ನಿಮ್ಮ ಮನೆಯಲ್ಲೂ ಮಾತು ಬಿಡುವವರು ಇದ್ದಾರು. ಇದನ್ನೆಲ್ಲ ಅವಳಿಗೂ ಹೇಳಿ. ಹೆದರಿಸುವ ಹಾಗೆ ಬೇಡ, ಮಳೆಗಾಲದಲ್ಲಿ ದಾರಿ ಹೇಗಿದೆ ಎಂದು ಹೇಳುವ ಹಾಗೆ. ಸುಮ್ಮನಿದ್ದರೂ ಅಪಾಯ ಇದೆ: ಗೋಡೌನಿನ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತದೆ. ರಾಜಿಯ ದುಡ್ಡಿಗೆ ಕಾನೂನಿನಲ್ಲಿ ಬೆಲೆ ಇಲ್ಲ. ಅತ್ಯಾಚಾರದ ಪ್ರಕರಣದಲ್ಲಿ ರಾಜಿ ಸಲ್ಲದು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾಳೆ ಆ ಐವತ್ತು ಸಾವಿರವನ್ನೇ ತೋರಿಸಿ ‘ದುಡ್ಡಿಗಾಗಿ ಹೇಳಿದಳು’ ಅನ್ನುತ್ತಾರೆ.

ಅವಳು ಏನೇ ತೀರ್ಮಾನಿಸಲಿ, ನಿಮಗೆ ಮಾಲೀಕರಾಗಿ ಒಂದು ಹೊಣೆ ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ತೋಟಕ್ಕೂ ಅನ್ವಯಿಸುತ್ತದೆ. ದಿನಗೂಲಿಯವರನ್ನೂ ಸೇರಿಸಿ ಹತ್ತು ಜನ ಇದ್ದರೆ ತೋಟದಲ್ಲೇ ಆಂತರಿಕ ಸಮಿತಿ ಇರಬೇಕು. ಇಲ್ಲದಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು, ಮೂರು ತಿಂಗಳೊಳಗೆ. ಪೊಲೀಸ್ ದೂರು ಕೊಡಲು ಅವಳು ಬಯಸಿದರೆ ನೆರವಾಗುವುದು ಅದೇ ಕಾಯ್ದೆಯಲ್ಲಿ ನಿಮ್ಮ ಕರ್ತವ್ಯ. ಹಾಗಾಗಿ ‘ಅಡ್ಡ ಬರುವುದು ತಪ್ಪಾ’ ಎಂಬ ನಿಮ್ಮ ಎರಡನೇ ಪ್ರಶ್ನೆ ಇಲ್ಲಿ ಏಳುವುದೇ ಇಲ್ಲ. ತೋಟ ನಿಮ್ಮದು, ಆಳು ನಿಮ್ಮವನು. ಹಾಜರಿ ಪುಸ್ತಕ, ಬೀಗದ ಕೈಗಳನ್ನು ಇವತ್ತು ಸಂಜೆಯೇ ಅವನಿಂದ ತೆಗೆದುಕೊಳ್ಳಿ.

ಮಡಿಕೇರಿಯ ಆಸ್ಪತ್ರೆಗೆ ಬರುವ ದಿನ ಬೆಳಿಗ್ಗೆಯೇ ಹೊರಡಿ, ಅವಳಿಗೆ ಏನಾದರೂ ತಿನ್ನಿಸಿ ಕರೆತನ್ನಿ. ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಆಧಾರ್ ಕಾರ್ಡ್ ಇಲ್ಲದಿದ್ದರೂ ನೋಡುತ್ತಾರೆ. ಅವಳು ಹೇಳಿದ ಹೆಂಗಸು ಯಾರೋ, ತಾಯಿಯೋ ಚಿಕ್ಕಮ್ಮನೋ, ಅವರೂ ಜೊತೆಗಿರಲಿ. ಮಧ್ಯರಾತ್ರಿ ಏನಾದರೂ ಆದರೆ 112, ಅಥವಾ ಹೆಂಗಸರ ಸಹಾಯವಾಣಿ 181. ಈ ಎರಡು ನಂಬರುಗಳನ್ನು ಅವಳ ಫೋನಿನಲ್ಲಿ ನೀವೇ ಹಾಕಿಕೊಡಿ. ಅವಳ ಹತ್ತಿರ ಫೋನ್ ಇಲ್ಲದಿದ್ದರೆ, ರಾತ್ರಿ ನಿಮ್ಮ ಮನೆಯ ಹಿಂಬಾಗಿಲು ತಟ್ಟಬಹುದು ಎಂದು ಹೇಳಿ.